ಅಪ್‌ಡೇಟ್: ಆಫೀಸಿನ ಪಾಸ್‌ವರ್ಡ್ ಮ್ಯಾನೇಜರ್ ಕಡೀಗೂ ಸೆಟ್ ಆತು

ರಾಯಚೂರು ಗಂಜ್‌ನ ದಲಾಲಿ ಅಂಗಡಿ, ನಾಲ್ಕು ಕಂಪ್ಯೂಟರ್. ಜಿಎಸ್‌ಟಿ, ಇ-ವೇ ಬಿಲ್ ಪಾಸ್‌ವರ್ಡ್ ಎಲ್ಲಿಡಬೇಕು, ಅವನ್ನೆಲ್ಲಾ ತೆಗೆಯೋ ಮಾಸ್ಟರ್ ಪಾಸ್‌ಫ್ರೇಸ್ (ಹಲವು ಪದ ಸೇರಿಸಿದ ಉದ್ದನ್ನ ಪಾಸ್‌ವರ್ಡ್) ಹೆಂಗ ಮಾಡಬೇಕು ಅಂತ ಇಲ್ಲಿ ಕೇಳಿದ್ದೆ.

ಕೆಲಸಕ್ಕೆ ಬಂದದ್ದು ದಾಳದ ಸಲಹೆ. ಒಂದು ಪದಕ್ಕ ಐದು ಸಲ ದಾಳ ಎಸೆದು, ಬಂದ ಅಂಕಿಯ ಪದವನ್ನ ಡೈಸ್‌ವೇರ್ ಅನ್ನೋ ಈ ಪದ್ಧತಿಯ 7,776 ಪದಗಳ ಪಟ್ಟಿಯಿಂದ ತಗೊಳ್ಳೋದು. ಆರು ಪದ ಆದರೆ ಸುಮಾರು 77 ಬಿಟ್ ಬಲ (ಬಿಟ್ ಹೆಚ್ಚಿದಷ್ಟೂ ಊಹಿಸೋದು ಕಷ್ಟ). ಪದ ಇಷ್ಟ ಆಗಲಿಲ್ಲ ಅಂತ ಮತ್ತೆ ಮತ್ತೆ ಎಸೆದರೆ ಬಲ ಕಮ್ಮಿ ಆಗ್ತದ, ಬಂದದ್ದೇ ಖರೆ.

ಪಾಸ್‌ಫ್ರೇಸ್ ಕನ್ನಡ ಲಿಪಿಯಲ್ಲೇ ಇಡ್ರಿ ಅಂತ ಕೆಲವರು ಅಂದಿದ್ದರಲ್ಲ, ಅದು ಕೈಕೊಟ್ಟಿತು. ಕಾರಣ ಮಜಾ ಅದ: ‘ರೊಟ್ಟಿ’ಯ ಒತ್ವ ಯೂನಿಕೋಡ್‌ನಲ್ಲಿ (ಕಂಪ್ಯೂಟರ್ ಅಕ್ಷರಗಳಿಗೆ ಕೊಡೋ ಕೋಡ್‌ಗಳ ಪಟ್ಟಿ) ಒಂದೇ ಕೋಡ್ ಆಗಿ ಬರಬಹುದು, ಇಲ್ಲಾ ಎತ್ವ ಮತ್ತ ಊ-ಚಿಹ್ನೆ ಅಂತ ಎರಡಾಗಿ ಬರಬಹುದು. ಕಣ್ಣಿಗೆ ಒಂದೇ. ಆದರ ಸಾಫ್ಟ್‌ವೇರ್ ಅದನ್ನ ಸರಿಮಾಡಿಕೊಳ್ಳದಿದ್ದರ ಬೇರೆ ಕೀಬೋರ್ಡ್‌ನಲ್ಲಿ ಪಾಸ್‌ಫ್ರೇಸ್ ತಪ್ಪು ಅಂತದ. ಟೈಪ್ ಮಾಡಿದ್ದು ಚುಕ್ಕಿ ಚುಕ್ಕಿ, ಹುಡುಕೋದು ಎಲ್ಲಿಂದ!

ಕೀಪಾಸ್‌ಎಕ್ಸ್‌ಸಿ ಅನ್ನೋ ಮ್ಯಾನೇಜರ್ ಎಲ್ಲಾ ಪಾಸ್‌ವರ್ಡ್ ಒಂದೇ ಫೈಲ್‌ನಲ್ಲಿ ಇಡ್ತದ, ಅದು ಒಬ್ಬರಿಗೆ ಛಲೋ. ನಾಲ್ವರಿಗೆ ಒಂದೇ ಪಾಸ್‌ಫ್ರೇಸ್ ಬೇಡ. ಅದಕ್ಕ ಬಿಟ್‌ವಾರ್ಡನ್ ಅನ್ನೋ ಇನ್ನೊಂದು ಮ್ಯಾನೇಜರ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಖಾತೆ ಮಾಡಿದೆ. ಗುಮಾಸ್ತರು ಬಿಟ್ಟುಹೋದಾಗ ಖಾತೆ ತೆಗೆದರಷ್ಟೇ ಸಾಲದು, ಅವರು ಕಂಡ ಪಾಸ್‌ವರ್ಡ್‌ಗಳನ್ನೂ ಬದಲಿಸಬೇಕು. ಪಾಸ್‌ಫ್ರೇಸ್, ಎರಡು ಹಂತದ ಲಾಗಿನ್‌ನ ರಿಕವರಿ ಕೋಡ್ (ಎರಡನೇ ಹಂತ ಕೈಕೊಟ್ಟಾಗ ಬಳಸೋ ಕೋಡ್) ಎರಡೂ ಕಾಗದದ ಮ್ಯಾಲೆ ಬರೆದು, ಲಕೋಟೆಯಲ್ಲಿ ತಿಜೋರಿ ಸೇರಿದಾವ.