1955ರ ಮಾರಿಸ್ ಮೈನರ್ ಟ್ರಾವೆಲರ್: ಮರದ ಫ್ರೇಮ್ ಪೂರ್ತಿ ಬದಲಾಯಿಸ್ಬೇಕಾ, ಹಾಳಾದಷ್ಟು ಕತ್ತರಿಸಿ ಸೇರಿಸಿದ್ರೆ ಸಾಕಾ?

ಎರಡುಗಾಜು55

ಎಲ್ರಿಗೂ ನಮಸ್ಕಾರ. ಇಷ್ಟು ದಿನ ಬರೀ ಓದ್ಕೊಂಡು ಹೋಗ್ತಿದ್ದೆ, ಈಗ ಕೇಳೋ ಪರಿಸ್ಥಿತಿ ಬಂದಿದೆ. 1955ರ ಮಾರಿಸ್ ಮೈನರ್ ಟ್ರಾವೆಲರ್ (ಹಿಂಭಾಗಕ್ಕೆ ಮರದ ಫ್ರೇಮ್ ಇರೋ ಬ್ರಿಟಿಷ್ ವ್ಯಾಗನ್ ಕಾರು) ಒಂದು ನನ್ನ ಕೈಗೆ ಬಂದಿದೆ. ಸೀರೀಸ್ 2, ಮುಂದಿನ ಗಾಜು ಎರಡು ತುಂಡಿಂದು, ಅದೇ 803 ಸಿಸಿ ಇಂಜಿನ್, ಇಂಡಿಕೇಟರ್ ದೀಪ ಇಲ್ಲ, ಪಕ್ಕದಿಂದ ಕೈ ಚಾಚಿದ ಹಾಗೆ ಟ್ರಾಫಿಕೇಟರ್ ಹೊರಗೆ ಬರುತ್ತೆ (ಎಡಗಡೇದು ಬರುತ್ತೆ, ಬಲಗಡೇದು ಮನಸ್ಸಾದ್ರೆ). ವರ್ಷಗಟ್ಲೆ ಶೆಡ್ಡಲ್ಲಿ ನಿಂತಿದ್ದ ಗಾಡಿ, ಹ್ಯಾಂಡಲ್ ಹಾಕಿ ತಿರುಗಿಸಿದ್ರೆ ಇಂಜಿನ್ ತಿರುಗುತ್ತೆ, ಜಾಮ್ ಆಗಿಲ್ಲ. ಸ್ಟಾರ್ಟ್ ಮಾಡೋ ಧೈರ್ಯ ಇನ್ನೂ ಮಾಡಿಲ್ಲ.

ತಲೆನೋವು ಮರದ್ದು. ಹಿಂದಿನ ಎರಡು ಬಾಗಿಲು ಚೆನ್ನಾಗೇ ಕಾಣ್ತಿವೆ, ಆದ್ರೆ ಹಿಂದಿನ ಚಕ್ರದ ಮೇಲಿನ ಜಾಯಿಂಟು ಕಪ್ಪಾಗಿದೆ, ಪಕ್ಕದ ಜಾರೋ ಗಾಜಿನ ಚಾನೆಲ್‌ನಲ್ಲಿ ನಿಜಕ್ಕೂ ಪಾಚಿ ಬೆಳೆದಿದೆ, ಹಸಿರು ಹಸಿರಾಗಿ. ಗೊತ್ತಿರೋ ಬಡಗಿಯೊಬ್ರು ಬಂದು ನೋಡಿ "ಎಪಾಕ್ಸಿ ಫಿಲ್ಲರ್ ತುಂಬಿಸಿ, ಉಜ್ಜಿ, ವಾರ್ನಿಶ್ ಹೊಡೆದ್ರೆ ಹೊಸದರ ಥರ ಆಗುತ್ತೆ" ಅಂದ್ರು. ಕೇಳೋಕೆ ಚೆನ್ನಾಗಿದೆ, ಒಪ್ಪೋಕೆ ಆಗ್ತಿಲ್ಲ. ಇನ್ನೊಂದು ವಿಷಯ ಏನಂದ್ರೆ ಮನೇಲಿ ಎಲ್ರನ್ನೂ ಕೂರಿಸ್ಕೊಂಡು ಓಡಾಡೋ ಆಸೆ, ಈ 803ರಲ್ಲಿ ಅದು ಆಗೋ ಮಾತಾ, ಅಥವಾ ಆಮೇಲೆ ಬಂದ 1275 ಇಂಜಿನ್ ಕೂರಿಸೋದು ವಾಸಿನಾ? ಯಾವ ಕೆಲಸ ಮೊದಲು, ಯಾವುದು ಆಮೇಲೆ? ಮಾಡಿದ ಅನುಭವ ಇರೋರು ಹೇಳಿ.

ಉಳಿಬಾಚಿ

ಮೊದಲು ಅಭಿನಂದನೆ, ಎರಡು ಗಾಜಿನ ಟ್ರಾವೆಲರ್ ಸುಮ್ನೆ ಸಿಗಲ್ಲ. ಟ್ರಾವೆಲರ್ ಶುರುವಾಗಿದ್ದು 1953ರಲ್ಲಿ, 1956ರಲ್ಲಿ ಮೈನರ್ 1000 ಬಂದಾಗ ಗಾಜು ಒಂದೇ ತುಂಡಾಯ್ತು, ಇಂಜಿನ್ 948 ಆಯ್ತು, ಆಮೇಲೆ 1971ರವರೆಗೂ ಮಾಡಿದ್ರು. ಜನ ನೋಡೋ ಟ್ರಾವೆಲರ್‌ಗಳು ಬಹುಪಾಲು ಆಮೇಲಿನವು. ನಿಮ್ದು ಆ ಮೊದಲ ಮೂರು ವರ್ಷದ ಗುಂಪಿಗೆ ಸೇರಿದ್ದು, ಹಾಗಾಗಿ ಏನು ಬಿಚ್ಚಿದ್ರೂ ಎಸೀಬೇಡಿ, ತುಕ್ಕು ಹಿಡಿದ ಕ್ಲಿಪ್ ಆದ್ರೂ ಸರಿ.

ಈಗ ಆ ಫಿಲ್ಲರ್ ವಿಷಯ. ಆ ಬಡಗಿಯವ್ರು ಅದನ್ನ ಮನೆ ಕಿಟಕಿ ಅಂದ್ಕೊಂಡಿದಾರೆ. ಅಮೆರಿಕದ ದೊಡ್ಡ ವ್ಯಾಗನ್‌ಗಳಲ್ಲಿ ಆಮೇಲಾಮೇಲೆ ಮರದ ಥರ ಕಾಣೋ ಸ್ಟಿಕ್ಕರ್ ಅಂಟಿಸ್ತಿದ್ರಲ್ಲ, ಇದು ಅದಲ್ಲ. ನಿಮ್ಮ ಗಾಡೀಲಿ ಮುಂದಿನ ಬಾಗಿಲ ಹಿಂದಕ್ಕೆ ಬಾಡಿ ಅಂತ ಇರೋದೇ ಆ ಆಶ್ ಮರ. ಅಲ್ಯೂಮಿನಿಯಂ ಹಾಳೆಗಳು, ಹಿಂದಿನ ಛಾವಣಿ, ಹಿಂದಿನ ಮಡ್‌ಗಾರ್ಡು, ಬಾಗಿಲ ಹಿಂಜು ಎಲ್ಲಾ ಅದನ್ನ ಹಿಡ್ಕೊಂಡೇ ನಿಂತಿವೆ. ಬ್ರಿಟನ್‌ನಲ್ಲಿ ಎಂಒಟಿ (ಗಾಡಿ ರಸ್ತೆಗಿಳಿಯೋಕೆ ಯೋಗ್ಯವಾ ಅಂತ ನೋಡೋ) ತಪಾಸಣೆ ಮಾಡುವಾಗ ಈ ಮರ ಕೊಳೆತಿದ್ರೆ ಚಾಸಿಗೆ ತುಕ್ಕು ಹಿಡಿದಷ್ಟೇ ಗಂಭೀರವಾಗಿ ನೋಡ್ತಾರೆ. ಫಿಲ್ಲರ್ ತುಂಬಿ ವಾರ್ನಿಶ್ ಹೊಡೆದ್ರೆ ಮೇಲೆ ಥಳುಕು ಒಳಗೆ ಹುಳುಕು ಅಂತಾರಲ್ಲ, ಅಕ್ಷರಶಃ ಅದೇ ಆಗುತ್ತೆ.

ಹೀಗೆ ಮಾಡಿ. ಮೊಂಡು ಸ್ಕ್ರೂಡ್ರೈವರ್ ತಗೊಂಡು ಒತ್ತಿ, ಕುಕ್ಕಬೇಡಿ, ಒತ್ತಿ. ಚಕ್ರದ ಕಮಾನಿನ ಮೇಲಿನ ಜಾಯಿಂಟು, ಹಿಂದಿನ ಕಂಬಗಳು ನೆಲಕ್ಕೆ ಕೂರೋ ಮೂಲೆ, ಗಾಜಿನ ಚಾನೆಲ್ ಕೆಳಗಿರೋ ಅಡ್ಡಪಟ್ಟಿ, ಈ ಮೂರು ಕಡೆ ನೋಡಿದ್ರೆ ಮುಕ್ಕಾಲು ಕಥೆ ಗೊತ್ತಾಗುತ್ತೆ. ಗಟ್ಟಿ ಮರ ಟಕ್ ಅನ್ನುತ್ತೆ, ಕೊಳೆತಿದ್ದು ಸದ್ದೇ ಇಲ್ದೆ ಒಳಗೆ ಬಿಟ್ಕೊಳ್ಳುತ್ತೆ. ಬರೀ ಕಪ್ಪಾಗಿದ್ದು ಗಟ್ಟಿಯಾಗಿದ್ರೆ ಗಾಬರಿ ಬೇಡ, ಅದು ಎಷ್ಟೋ ಸಲ ಕಬ್ಬಿಣದ ಸ್ಕ್ರೂ ನೀರು ಕುಡಿದು ಬಿಟ್ಟ ಕಲೆ, ಆಕ್ಸಾಲಿಕ್ ಆಸಿಡ್‌ಗೆ ಹೋಗುತ್ತೆ (ಗ್ಲೌಸ್ ಹಾಕ್ಕೊಳ್ಳಿ, ಅದು ವಿಷ). ಪಾಚಿ ಬೆಳೆದಿದೆ ಅಂದ್ರೆ ಚಾನೆಲ್‌ನಲ್ಲಿ ನೀರು ಹೋಗೋ ತೂತು ಕಟ್ಕೊಂಡಿದೆ, ಫೆಲ್ಟ್ ಪೂರ್ತಿ ಕಿತ್ತು ಅದನ್ನ ಬಿಡಿಸಿ, ಇಲ್ಲಾಂದ್ರೆ ಹೊಸ ಮರ ಹಾಕಿದ್ರೂ ಮತ್ತೆ ಅದೇ ಗತಿ.

ಆಶ್ ಚೆನ್ನಾಗಿ ಬಾಗುತ್ತೆ, ಹೊಡೆತ ತಡ್ಕೊಳ್ಳುತ್ತೆ, ಅದಕ್ಕೇ ಕೊಡಲಿ ಹಿಡಿಗೂ ಅದೇ, ಕ್ರಿಕೆಟ್ ಸ್ಟಂಪ್‌ಗೂ ಅದೇ. ಆದ್ರೆ ನೀರು ನಿಂತ್ರೆ ಬೇಗ ಕೊಳೆಯೋ ಜಾತಿ. ಹಾಗಂತ ತೇಗ ಹಾಕ್ತೀನಿ ಅಂತ ಯಾರಾದ್ರೂ ಬಂದ್ರೆ ಬೇಡ ಅನ್ನಿ, ಇಲ್ಲಿ ಆಶ್‌ನ ಆ ಬಾಗೋ ಗುಣಾನೇ ಬೇಕು.

ಎಸ್‌ಯು_ಕಾರ್ಬ್

ಮರದ ಬಗ್ಗೆ ಉಳಿಬಾಚಿ ಹೇಳಿದ್ಮೇಲೆ ನಂದೇನಿಲ್ಲ. ಇಂಜಿನ್ ವಿಷಯಕ್ಕೆ ಮಾತ್ರ ಬರ್ತೀನಿ. 803ಕ್ಕೆ ಇರೋದೇ ಹೆಚ್ಚುಕಮ್ಮಿ 30 ಹಾರ್ಸ್‌ಪವರ್, ನಾಲ್ಕು ಜನ ಕೂತ್ರೆ ಏರಲ್ಲಿ ಹಿಂದಿನವರ ಹಾರ್ನ್ ಕೇಳ್ತಾ ಹೋಗ್ಬೇಕು. ಎ ಸೀರೀಸ್ ಇಂಜಿನ್ ಎಲ್ಲಾ ಒಂದೇ ವಂಶ, 948, 1098, 1275 ಯಾವುದಾದ್ರೂ ಸಣ್ಣಪುಟ್ಟ ಬದಲಾವಣೆ ಮಾಡಿದ್ರೆ ಕೂರುತ್ತೆ. 803ನ ಎಣ್ಣೆ ಹಚ್ಚಿ ಸುತ್ತಿ ಮೂಲೇಲಿಡಿ, 1275 ಹಾಕಿ, ಮುಂದೆ ಡಿಸ್ಕ್ ಬ್ರೇಕ್ ಹಾಕಿ, ಆರಾಮಾಗಿ ಓಡಿಸಿ. ಓಡದ ಗಾಡಿ ಯಾಕೆ ಬೇಕು? ಮ್ಯೂಸಿಯಂಗೆ ಕೊಡೋದಾದ್ರೆ ಬೇರೆ ಮಾತು.

ಗ್ರೀಸ್‌ಗನ್

ಇದಕ್ಕೆ ನಾನು ಒಪ್ಪಲ್ಲ. ಹೇಳೋಕೆ ಸುಲಭ, 1275 ಒಂದನ್ನೇ ಇಳಿಸಿ ಸುಮ್ನಾಗೋಕೆ ಆಗಲ್ಲ. 803ರ ಹಿಂದಿನ ಆಕ್ಸಲ್ ರೇಶಿಯೋ ಆ ಬಡ ಇಂಜಿನ್‌ಗೆ ತಕ್ಕಂತೆ ತುಂಬಾ ತಗ್ಗಿನದ್ದು (ಚಕ್ರ ಒಂದು ಸುತ್ತು ಬರೋಕೆ ಇಂಜಿನ್ ಜಾಸ್ತಿ ಸುತ್ತು ತಿರುಗ್ಬೇಕು), ಅದನ್ನ ಹಾಗೇ ಬಿಟ್ಟು 1275 ಹಾಕಿದ್ರೆ ಅರವತ್ತು ಎಪ್ಪತ್ತಕ್ಕೇ ಇಂಜಿನ್ ಕಿರುಚುತ್ತೆ, ಎತ್ತು ಏರಿಗೆ ಕೋಣ ನೀರಿಗೆ. ಸರಿ ಅಂತ ಆಕ್ಸಲ್ ಬದಲಾಯಿಸ್ತೀರಾ, ಆಗ ಗೇರ್‌ಬಾಕ್ಸ್ ತಡೆಯಲ್ಲ ಅಂತ ಅದೂ ಬದಲು, ಆಮೇಲೆ ಬ್ರೇಕು, ಆಮೇಲೆ ರೇಡಿಯೇಟರು. ಕೊನೆಗೆ 1955ರ ಗಾಡೀಲಿ 1955ರದ್ದು ಅಂತ ಉಳಿಯೋದು ಎರಡು ಗಾಜು ಮಾತ್ರ. 1967ರ ಗಾಡಿ ಆಗಿದ್ರೆ ನಾನೇ ಮಾಡಿ ಅಂತಿದ್ದೆ, ಅವು ಬೇಕಾದಷ್ಟಿವೆ.

ಇಂಜಿನ್‌ಗಿಂತ ಮುಂಚೆ ನೋಡ್ಬೇಕಾದ್ದು ಬೇರೆ ಇದೆ. ಒಂದು, ಮುಂದಿನ ಟ್ರನಿಯನ್‌. ಮೈನರ್‌ನಲ್ಲಿ ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಪಕ್ಕಕ್ಕೆ ತಿರುಗೋದು ಥ್ರೆಡ್ ಇರೋ ಪಿನ್ ಮೇಲೆ, ಆ ಪಿನ್ ಕೂರೋ ಥ್ರೆಡ್ ಗೂಡೇ ಟ್ರನಿಯನ್, ಆ ಥ್ರೆಡ್ ಸವೆದ್ರೆ ಪಿನ್ ಕಳಚಿ ಚಕ್ರ ಮಡಚ್ಕೊಂಡು ಗಾಡಿ ಮೂತಿ ನೆಲಕ್ಕೆ. ಪುಣ್ಯಕ್ಕೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಹೋಗುವಾಗಲೇ ಜಾಸ್ತಿ ಆಗೋದು, ಹಾಗಂತ ಅದನ್ನೇ ನಂಬ್ಕೊಂಡು ಕೂರೋಕಾಗಲ್ಲ. ಜ್ಯಾಕ್ ಹಾಕಿ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಿ, ಆಟ ಇದ್ರೆ ಬದಲಾಯಿಸಿ. ಎಡ ಬಲ ಬೇರೆ ಬೇರೆ, ಒಂದಕ್ಕೆ ಎಡ ಥ್ರೆಡ್, ಅದಲು ಬದಲು ಮಾಡ್ಬೇಡಿ. ಗ್ರೀಸ್ ಹೊಡೆಯೋದೂ ಚಕ್ರ ಎತ್ತಿದಾಗಲೇ, ಆಗ ಭಾರ ಇರಲ್ಲ, ಹಳೇ ಗ್ರೀಸ್ ಕಪ್ಪಗೆ ಹೊರಗೆ ಬಂದು ಹೊಸದು ಕಾಣೋವರೆಗೂ ಹೊಡೀರಿ. ಸಾವಿರ ಕಿಲೋಮೀಟರ್‌ಗೊಂದ್ಸಲ ಇದು ಆಗ್ಲೇಬೇಕು, ನನ್ನ ಹೆಸರು ನೋಡಿದ್ರೇ ಗೊತ್ತಾಗುತ್ತೆ ಇದ್ರ ಮೇಲೆ ನನಗೆಷ್ಟು ಪ್ರೀತಿ ಅಂತ.

ಎರಡು, ಬ್ರೇಕು. ನಾಲ್ಕು ಚಕ್ರಕ್ಕೂ ಡ್ರಮ್, ಒಂದೇ ಸರ್ಕ್ಯೂಟ್, ಒಂದು ಹೋಸ್ ಹೋದ್ರೆ ಪೂರ್ತಿ ಬ್ರೇಕೇ ಹೋಯ್ತು. ವರ್ಷಗಟ್ಲೆ ನಿಂತ ಗಾಡಿ ಅಂದ್ರೆ ವೀಲ್ ಸಿಲಿಂಡರ್, ಹೋಸ್, ಮಾಸ್ಟರ್ ಸಿಲಿಂಡರ್ ಎಲ್ಲಾ ಹೊಸದು ಮಾಡಿ. ಮಾಸ್ಟರ್ ಸಿಲಿಂಡರ್ ಬಾನೆಟ್ ಒಳಗೆ ಹುಡುಕ್ಬೇಡಿ, ಡ್ರೈವರ್ ಕಾಲ ಕೆಳಗೆ ಚಾಸಿ ಒಳಗೆ ಕೂತಿರುತ್ತೆ, ಕಾರ್ಪೆಟ್ ಎತ್ತಿ ಮುಚ್ಚಳ ತೆಗೆದು ಆಯಿಲ್ ಹಾಕೋದು. ಅದನ್ನ ಬಿಚ್ಚೋಕೆ ಹೋದ್ರೆ ಬೋಲ್ಟ್‌ಗೆ ಟಾರ್ಶನ್ ಬಾರ್ (ಮುಂದಿನ ಚಕ್ರಕ್ಕೆ ಸ್ಪ್ರಿಂಗ್ ಥರ ತಿರುಚ್ಕೊಳ್ಳೋ ಉದ್ದನೆ ಸರಳು) ಅಡ್ಡ ಬರುತ್ತೆ. ಯಾರು ಡಿಸೈನ್ ಮಾಡಿದ್ರೋ ಅಂತ ಬೈಕೊಳ್ತೀರಾ, ಮಾಡಿದ್ದು ಅಲೆಕ್ ಇಸಿಗೋನಿಸ್, ಆಮೇಲೆ ಮಿನಿ ಮಾಡಿದ್ರಲ್ಲ ಅವರೇ.

ಸ್ಟಾರ್ಟ್ ಮಾಡೋ ಮೊದ್ಲು ಪ್ಲಗ್ ತೆಗೆದು ಸಿಲಿಂಡರ್‌ಗೆ ಸ್ವಲ್ಪ ಎಣ್ಣೆ ಬಿಟ್ಟು ಹ್ಯಾಂಡಲ್‌ನಲ್ಲಿ ತಿರುಗಿಸಿ. ಟ್ಯಾಂಕಲ್ಲಿರೋ ಹಳೇ ಪೆಟ್ರೋಲ್ ಪೂರ್ತಿ ತೆಗೀರಿ. ಕೀ ಆನ್ ಮಾಡಿದಾಗ ಎಲೆಕ್ಟ್ರಿಕ್ ಪಂಪು ಟಿಕ್ ಟಿಕ್ ಟಿಕ್ ಅಂದು ಕಾರ್ಬುರೇಟರ್ ತುಂಬಿದ್ಮೇಲೆ ನಿಲ್ಬೇಕು, ನಿಲ್ದೇ ಹೊಡ್ಕೊಳ್ತಾನೇ ಇದ್ರೆ ಎಲ್ಲೋ ಲೀಕ್ ಇದೆ ಇಲ್ಲಾ ಪೆಟ್ರೋಲ್ ಬರ್ತಿಲ್ಲ, ಕೀ ಆಫ್ ಮಾಡಿ ಮೂಸಿ ನೋಡಿ. ಬ್ಯಾಟರಿ ಜೋಡಿಸುವಾಗ ಇನ್ನೊಂದು, ಇದ್ರಲ್ಲಿ ಪ್ಲಸ್ ಬಾಡಿಗೆ ಸೇರೋದು, ಅಭ್ಯಾಸಬಲದಿಂದ ಮೈನಸ್ ಸೇರಿಸ್ಬೇಡಿ.

ಎಸ್‌ಯು_ಕಾರ್ಬ್

ಸರಿ ಮಾರಾಯ್ರೆ, ಎರಡು ಗಾಜಿನದ್ದು ಅಂತ ಬಿಟ್ಟುಕೊಡ್ತೀನಿ. ಆದ್ರೂ 948 ಹಾಕಿದ್ರೆ ತಪ್ಪಿಲ್ಲ ಅನ್ನೋ ಮಾತಿಂದ ಹಿಂದೆ ಸರಿಯಲ್ಲ. 803ನ್ನೇ ಇಟ್ಕೊಳ್ಳೋದಾದ್ರೆ ಹೆಡ್ ಹೇಗೂ ಬಿಚ್ತೀರಲ್ಲ, ಗಟ್ಟಿ ವಾಲ್ವ್ ಸೀಟ್ ಹಾಕಿಸ್ಬಿಡಿ, ಸೀಸ ಇಲ್ಲದ ಪೆಟ್ರೋಲ್‌ಗೆ ಹಳೇ ಎಕ್ಸಾಸ್ಟ್ ಸೀಟ್ ಸವೆಯುತ್ತೆ. ಎಥೆನಾಲ್ ಬೆರೆಸಿದ ಪೆಟ್ರೋಲ್ ಹಳೇ ರಬ್ಬರನ್ನ ತಿನ್ನುತ್ತೆ, ಪೈಪುಗಳನ್ನೂ ಬದಲಾಯಿಸಿ. ಎಣ್ಣೆ 20ಡಬ್ಲ್ಯೂ-50, ಜಿಂಕ್ ಜಾಸ್ತಿ ಇರೋದು.

ಎರಡುಗಾಜು55

ಇಷ್ಟು ಉದ್ದ ಬರೆದಿದ್ದಕ್ಕೆ ಎಲ್ರಿಗೂ ಥ್ಯಾಂಕ್ಸ್. ಸ್ಕ್ರೂಡ್ರೈವರ್ ಒತ್ತಿ ನೋಡಿದೆ. ಬಲಗಡೆ ಪೂರ್ತಿ ಟಕ್ ಟಕ್, ಬರೀ ಕಲೆ. ಎಡಗಡೆ ಚಕ್ರದ ಮೇಲಿನ ಜಾಯಿಂಟಲ್ಲಿ ಅರ್ಧ ಇಂಚು ಒಳಗೆ ಹೋಯ್ತು, ಈಚೆಗೆಳೆದ್ರೆ ತುದೀಲಿ ಒದ್ದೆ ಕಾಫಿಪುಡಿ ಥರದ್ದು ಅಂಟ್ಕೊಂಡು ಬಂತು. ಹಿಂದಿನ ಎಡ ಕಂಬದ ಬುಡಾನೂ ಅಷ್ಟೇ. ಬಲಗಡೆ ಉಳಿಸ್ಕೊಂಡು ಎಡಗಡೆ ಮಾತ್ರ ಹೊಸದು ಹಾಕಬಹುದಾ? ಬಣ್ಣ ಒಂದೊಂದು ಕಡೆ ಒಂದೊಂದು ಥರ ಕಾಣಲ್ವಾ? ಇಂಜಿನ್ 803ನ್ನೇ ಇಟ್ಕೊಳ್ತೀನಿ ಅಂತ ತೀರ್ಮಾನ ಮಾಡಿದೀನಿ, ಕಾರ್ಬ್ ಅವರು ಬೇಜಾರು ಮಾಡ್ಕೋಬಾರದು.

ಉಳಿಬಾಚಿ

ಧಾರಾಳವಾಗಿ ಹಾಕಬಹುದು, ಒಂದು ಕಡೆ ಗಟ್ಟಿ ಇರೋದು ನಿಮ್ಮ ಅದೃಷ್ಟ. ಎಡಗಡೆ ಬಿಚ್ಚುವಾಗ ಬಲಗಡೆ ಮುಟ್ಲೇಬೇಡಿ, ಅದೇ ನಿಮ್ಮ ಅಳತೆಗೋಲು. ಛಾವಣಿಗೆ ಒಳಗಿಂದ ಆಸರೆ ಕೊಟ್ಟು, ಬಾಗಿಲ ಚೌಕಕ್ಕೆ ಮೂಲೆಯಿಂದ ಮೂಲೆಗೆ ಪಟ್ಟಿ ಹೊಡೆದು ಆಮೇಲೆ ಬಿಚ್ಚಿ. ಬ್ರಿಟನ್‌ನಲ್ಲಿ ಇವತ್ತಿಗೂ ಟ್ರಾವೆಲರ್‌ಗೆ ಹೊಸ ಆಶ್ ಫ್ರೇಮ್ ಮಾಡ್ತಾರೆ, ಪೂರ್ತಿ ಸೆಟ್ಟೂ ಸಿಗುತ್ತೆ, ಬಿಡಿ ತುಂಡೂ ಸಿಗುತ್ತೆ. ಬಂದ ತಕ್ಷಣ ಅಂಟು ಹಾಕ್ಬೇಡಿ. ಒಣಗಿದ ಹಾಗೇ ಜೋಡಿಸಿ, ಹಿಂದಿನ ಎರಡೂ ಬಾಗಿಲು ತೂಗುಹಾಕಿ, ಮುಚ್ಚಿ ತೆಗೆದು, ಮಧ್ಯದ ಸಂದು ಮೇಲಿಂದ ಕೆಳಗೆ ಒಂದೇ ಸಮ ಇದೆಯಾ ನೋಡಿ. ಅಲ್ಲಿ ಸರಿ ಬಂತು ಅಂದ್ರೆ ಎಲ್ಲಾ ಸರಿ. ಬಡಗಿಯವ್ರಿಗೂ ಈ ಹಂತದಲ್ಲಿ ಕೆಲಸ ಇದೆ, ಒಳ್ಳೇ ಕೈ ಆದ್ರೆ ಬಿಡ್ಬೇಡಿ.

ಸ್ಕ್ರೂ ಸ್ಟೇನ್‌ಲೆಸ್ ಇಲ್ಲಾ ಹಿತ್ತಾಳೆ. ಅಲ್ಯೂಮಿನಿಯಂ ಹಾಳೆಗೆ ತಾಗೋ ಕಡೆ ಸೀಲೆಂಟ್ ಹಚ್ಚಿ ಹಾಕಿ, ಎರಡು ಲೋಹ ನೀರಿನ ಜೊತೆ ಸೇರಿದ್ರೆ ಅಲ್ಯೂಮಿನಿಯಂ ಬಿಳಿ ಪುಡಿ ಆಗಿ ಉದುರುತ್ತೆ. ಗಾಜಿನ ಥರ ಹೊಳೆಯೋ ಗಟ್ಟಿ ವಾರ್ನಿಶ್ ಬೇಡ, ಗಾಡಿ ಓಡುವಾಗ ಜಾಯಿಂಟು ಅಲುಗುತ್ತೆ, ವಾರ್ನಿಶ್ ಕೂದಲೆಳೆಯಷ್ಟು ಬಿರುಕು ಬಿಡುತ್ತೆ, ಒಳಗೆ ಹೋದ ನೀರು ಹೊರಗೆ ಬರಲ್ಲ. ಮರ ಉಸಿರಾಡೋ ಮೈಕ್ರೋಪೋರಸ್ ಕೋಟಿಂಗ್ ಹಚ್ಚಿ, ತುಂಡುಗಳ ಕತ್ತರಿಸಿದ ತುದಿಗೆ ಜಾಸ್ತಿ ಕುಡಿಸಿ, ನೀರು ಹೀರೋದು ಅಲ್ಲಿಂದಲೇ. ಬಣ್ಣ ಮೊದಮೊದಲು ಬೇರೆ ಕಾಣುತ್ತೆ, ಬಿಸಿಲು ಕುಡಿದು ಹೊಸದೂ ಜೇನು ಬಣ್ಣಕ್ಕೆ ತಿರುಗುತ್ತೆ. ಸ್ಟೇನ್ ಹಾಕಿ ಮ್ಯಾಚ್ ಮಾಡೋಕೆ ಹೋಗ್ಬೇಡಿ, ಎರಡೂ ಕಡೆ ಒಟ್ಟಿಗೆ ಯಾರು ನೋಡ್ತಾರೆ ಹೇಳಿ.

ಹಿಂದಿನಸೀಟು

ರಿಪೇರಿ ಬಗ್ಗೆ ಎಲ್ಲಾ ಹೇಳಾಯ್ತು, ಓಡಿಸೋದ್ರ ಬಗ್ಗೆ ಯಾರೂ ಹೇಳ್ಲಿಲ್ಲ. ಫಸ್ಟ್ ಗೇರ್‌ಗೆ ಸಿಂಕ್ರೋ (ಗೇರ್‌ಗಳ ವೇಗ ಹೊಂದಿಸೋ ಭಾಗ) ಇಲ್ಲ, ಗಾಡಿ ಪೂರ್ತಿ ನಿಲ್ಲಿಸಿ ಹಾಕಿ, ಇಲ್ಲಾ ಡಬಲ್ ಕ್ಲಚ್ (ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು ಮತ್ತೆ ಒತ್ತಿ ಗೇರ್ ಹಾಕೋದು) ಕಲೀರಿ. ಎಪ್ಪತ್ತರ ಒಳಗೇ ಇದರ ಸುಖ ಇರೋದು. ಇಳಿಜಾರಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿಂದ ಪರ್ರ್ ಅಂತ ತುಟಿ ಬಡಿದ ಹಾಗೆ ಸದ್ದು ಬರುತ್ತೆ, ಅದು ರಿಪೇರಿ ಅಲ್ಲ, ಎಲ್ಲಾ ಮೈನರ್ ಹಾಗೇ, ಮಕ್ಕಳಿಗಂತೂ ಅದೇ ಬೇಕು. ಹಿಂದಿನ ಸೀಟು ಮಡಚಿದ್ರೆ ಹಾಸಿಗೆ ಹಾಸೋಷ್ಟು ಜಾಗ, ಎರಡು ಬಾಗಿಲೂ ತೆಗೆದು ಕಾಲು ಇಳಿಬಿಟ್ಟು ಕೂರ್ಬಹುದು.

ಟ್ರಾಫಿಕೇಟರ್ ರಿಪೇರಿ ಮಾಡಿ ಇಟ್ಕೊಳ್ಳಿ ಆದ್ರೆ ಅದನ್ನೇ ನಂಬ್ಬೇಡಿ, ಈಗಿನ ಡ್ರೈವರ್‌ಗಳು ಅದನ್ನ ನೋಡೋದೇ ಇಲ್ಲ. ಕಣ್ಣಿಗೆ ಬೀಳದ ಕಡೆ ಸಣ್ಣ ಮಿನುಗೋ ದೀಪ ಕೂರಿಸಿ, ತೆಗೆದ್ರೆ ಗುರುತು ಉಳಿಯದ ಹಾಗೆ. ಮಳೇಲಿ ನೆಂದ್ರೆ ತಕ್ಷಣ ಕವರ್ ಹೊದಿಸ್ಬೇಡಿ, ಗಾಳಿಗೆ ಬಿಟ್ಟು ಒಣಗಿದ್ಮೇಲೆ ಹೊದಿಸಿ. ಟೈರ್ ಮೇಲಿನ ಅಚ್ಚು (ಟ್ರೆಡ್) ಚೆನ್ನಾಗಿ ಕಂಡ್ರೂ ವಯಸ್ಸಾಗಿದ್ರೆ ತೆಗೆದು ಬಿಸಾಕಿ.

ಎರಡುಗಾಜು55

ಟೈರ್ ಬಿಸಾಕೋದು ಖಂಡಿತ, ಪಕ್ಕದಲ್ಲೆಲ್ಲಾ ಬಿರುಕು. ಟ್ರನಿಯನ್, ಬ್ರೇಕು ಮೊದಲು, ಅದಾದ್ಮೇಲೆ ಎಡಗಡೆ ಮರ. ಗ್ರೀಸ್‌ಗನ್ ಅವ್ರೆ, ಮಾಸ್ಟರ್ ಸಿಲಿಂಡರ್‌ಗೆ ಅಡ್ಡ ಬರೋ ಆ ಟಾರ್ಶನ್ ಬಾರ್ ಇಳಿಸೋ ಮುಂಚೆ ಅದರ ಈಗಿನ ಜಾಗ ಗುರುತು ಮಾಡ್ಕೊಳ್ಳೋದು ಹೇಗೆ, ಪೇಂಟ್ ಹಚ್ಚಿದ್ರೆ ಸಾಕಾ?

ಗ್ರೀಸ್‌ಗನ್

ಪೇಂಟ್ ಜೊತೆಗೆ ಸೆಂಟರ್ ಪಂಚ್‌ನಲ್ಲಿ ಬಾರ್‌ಗೂ ಲಿವರ್‌ಗೂ ಎದುರುಬದುರು ಒಂದೊಂದು ಚುಕ್ಕೆ ಹೊಡೀರಿ, ಪೇಂಟ್ ಡೀಸೆಲ್‌ನಲ್ಲಿ ತೊಳೆದ್ರೆ ಹೋಗುತ್ತೆ. ಬಾರ್ ಮೈಮೇಲೆ ಹೊಡೀಬೇಡಿ, ಅಲ್ಲಿಂದಲೇ ಮುರಿಯೋಕೆ ಶುರುವಾಗುತ್ತೆ, ತುದೀಲಿ ಮಾತ್ರ. ಎಡ ಬಲ ಬಾರ್ ಅದಲು ಬದಲಾಗದ ಹಾಗೆ ಚೀಟಿ ಕಟ್ಟಿ. ಬಿಚ್ಚೋ ಮುಂಚೆ ನೆಲದಿಂದ ಮುಂದಿನ ಮಡ್‌ಗಾರ್ಡ್ ಅಂಚಿಗೆ ಎತ್ತರ ಎರಡೂ ಕಡೆ ಅಳೆದು ಬರೆದಿಟ್ಕೊಳ್ಳಿ, ಜೋಡಿಸಿದ್ಮೇಲೆ ತಾಳೆ ನೋಡೋಕೆ ಬೇಕು.