ಪದಚರ್ಚೆ: ‘ಆಂಟಿಆಕ್ಸಿಡೆಂಟ್’, ‘ಬೆರ್ರಿ’ ಮತ್ತು ಒಂದು ‘ಬಹುದು’

ಪ್ರಶ್ನೆ:

ಆರೋಗ್ಯ ಕೈಪಿಡಿಯೊಂದರ ಅನುವಾದದಲ್ಲಿ ಒಂದು ತಲೆಬರಹ ಹೀಗಿದೆ: ‘ಉತ್ಕರ್ಷಣ ನಿರೋಧಕಗಳಿಂದ ಸಮೃದ್ಧವಾದ ಬೆರ್ರಿಗಳ ಸಂಭಾವ್ಯ ಆರೋಗ್ಯ ಪ್ರಯೋಜನಗಳು’. ವ್ಯಾಕರಣದಲ್ಲಿ ತಪ್ಪಿಲ್ಲ, ಓದಲು ಹೋದರೆ ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ‘ಆಂಟಿಆಕ್ಸಿಡೆಂಟ್’ಗೆ ‘ಉತ್ಕರ್ಷಣ ನಿರೋಧಕ’ ಬಿಟ್ಟು ಬೇರೆ ಪದವಿದೆಯೆ? ಬ್ಲೂಬೆರ್ರಿಗೆ ‘ನೇರಳೆ’ ಎಂದು ಬರೆದರೆ ನಡೆದೀತೆ? ‘ಸಂಭಾವ್ಯ’ವನ್ನು ಕೈಬಿಟ್ಟರೆ ಅರ್ಥ ಕೆಡುತ್ತದೆಯೆ? ಬಲ್ಲವರು ತಿಳಿಸಿದರೆ ಉಪಕಾರ.

ಉತ್ತರ:

ಕನ್ನಡದ ರಸಾಯನಶಾಸ್ತ್ರ ಪಠ್ಯಗಳಲ್ಲಿ ಆಕ್ಸಿಡೇಶನ್‌ಗೆ ಉತ್ಕರ್ಷಣ, ರಿಡಕ್ಷನ್‌ಗೆ ಅಪಕರ್ಷಣ ಎಂಬ ಪದಗಳು ನೆಲೆನಿಂತಿವೆ. ತರಗತಿಯೊಳಗೆ ಅವುಗಳಿಂದ ತೊಂದರೆಯಿಲ್ಲ. ಹೊರಗೆ ಉತ್ಕರ್ಷ ಎಂದರೆ ಏಳಿಗೆ, ಅಪಕರ್ಷ ಎಂದರೆ ಇಳಿಮುಖ. ಪಠ್ಯ ಮರೆತವರ ಕಿವಿಗೆ ‘ಉತ್ಕರ್ಷಣ ನಿರೋಧಕ’ ಎಂಬುದು ಏಳಿಗೆಗೆ ಅಡ್ಡಗಾಲು ಹಾಕುವಂಥದ್ದು ಎಂದೇ ಕೇಳಿಸುತ್ತದೆ. ಇನ್ನೂ ತಮಾಷೆಯೆಂದರೆ, ಬೆರ್ರಿಯಲ್ಲಿರುವ ಆಂಟಿಆಕ್ಸಿಡೆಂಟುಗಳು ತಮ್ಮ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಕೆಲಸ ಮಾಡುವಂಥವು; ಪಠ್ಯದ ಮಾತಿನಲ್ಲಿ ಅವು ‘ಅಪಕರ್ಷಕ’ಗಳು. ಹೊಗಳಬೇಕೆಂದು ಹೊರಟ ವಸ್ತುವಿಗೆ ಎರಡೂ ಕಡೆಯಿಂದ ಬೈಗುಳ!

ಅದಕ್ಕಿಂತ ಹೆಚ್ಚು ಹಾನಿ ಮಾಡುವುದು ‘ನಿರೋಧಕ’. ‘ರೋಗನಿರೋಧಕ ಶಕ್ತಿ’ ಎಂಬುದು ಎಲ್ಲರ ಬಾಯಲ್ಲಿರುವ ಮಾತು. ಅದೇ ಪದ ಇಲ್ಲಿಯೂ ಬಂದಾಗ ಓದುಗರು ಎರಡನ್ನೂ ಬೆಸೆದುಬಿಡುತ್ತಾರೆ: ಆಂಟಿಆಕ್ಸಿಡೆಂಟ್ ಎಂದರೆ ರೋಗ ಬರದಂತೆ ತಡೆಯುವ ವಸ್ತು ಎಂದು. ಎರಡೂ ಬೇರೆ ಬೇರೆ. ರೋಗನಿರೋಧಕ ಶಕ್ತಿ ದೇಹದ ರಕ್ಷಣಾ ವ್ಯವಸ್ಥೆ. ಆಂಟಿಆಕ್ಸಿಡೆಂಟ್ ಒಂದು ರಾಸಾಯನಿಕ ಗುಣದ ಹೆಸರು.

‘ಆಮ್ಲಜನಕ ವಿರೋಧಿ’ ಎಂದು ಬರೆಯುವವರೂ ಇದ್ದಾರೆ. ದಯವಿಟ್ಟು ಬೇಡ. ಆಮ್ಲಜನಕ ಎಂಬ ಹೆಸರೇ ಹಳೆಯ ತಪ್ಪೊಂದರ ಪಳೆಯುಳಿಕೆ. ಆಮ್ಲಗಳೆಲ್ಲ ಅದರಿಂದಲೇ ಹುಟ್ಟುತ್ತವೆ ಎಂದು ಫ್ರೆಂಚ್ ರಸಾಯನಶಾಸ್ತ್ರಜ್ಞ ಲವಾಸಿಯೇ ನಂಬಿದ್ದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕದ ಸುಳಿವೇ ಇಲ್ಲ. ಈಗ ಆಕ್ಸಿಡೇಶನ್ ಎಂದರೆ ಎಲೆಕ್ಟ್ರಾನ್ ಕಳೆದುಕೊಳ್ಳುವುದು, ಅಲ್ಲಿ ಆಮ್ಲಜನಕ ಇರಲೇಬೇಕೆಂದಿಲ್ಲ.

ನನ್ನ ಮತ: ‘ಆಂಟಿಆಕ್ಸಿಡೆಂಟ್’ ಎಂದೇ ಬರೆಯಿರಿ, ಮೊದಲ ಸಲ ಬಂದಾಗ ಒಂದು ವಾಕ್ಯದಲ್ಲಿ ಬಿಡಿಸಿ ಹೇಳಿ. ಉದಾಹರಣೆಗೆ: ‘ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಅಣುಗಳು ಪಕ್ಕದ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಅದನ್ನು ಕೆಡಿಸುತ್ತವೆ, ತನ್ನದನ್ನೇ ಕೊಟ್ಟು ಆ ಸರಣಿಯನ್ನು ನಿಲ್ಲಿಸುವ ವಸ್ತು ಆಂಟಿಆಕ್ಸಿಡೆಂಟ್.’ ಆ ಅಣುಗಳಿಗೆ ಫ್ರೀ ರಾಡಿಕಲ್ ಎಂಬ ಹೆಸರು ಸಾಕು.

ಮತ್ತೊಂದು ಉತ್ತರ:

ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಕನ್ನಡದಲ್ಲಿ ಆಕ್ಸಿಡೇಶನ್‌ಗೆ ಹತ್ತಿರದ ಅಚ್ಚ ಪದವೊಂದಿದೆ: ಕಮಟು. ತೆರೆದಿಟ್ಟ ಎಣ್ಣೆ ಹಳತಾಗಿ ಕಮಟು ವಾಸನೆ ಬರುವುದು ಕೊಬ್ಬಿನ ಆಕ್ಸಿಡೇಶನ್‌ನಿಂದಲೇ. ಆಂಟಿಆಕ್ಸಿಡೆಂಟ್ ಎಂಬ ಪದವೂ ಮೊದಲು ಬಳಕೆಯಲ್ಲಿದ್ದದ್ದು ಕಾರ್ಖಾನೆಗಳಲ್ಲಿ, ರಬ್ಬರ್ ಸೀಳದಂತೆ, ಕೊಬ್ಬು ಕಮಟದಂತೆ ಬೆರೆಸುವ ವಸ್ತುಗಳಿಗೆ. ‘ಕಮಟುತಡೆ’ ಎಂಬ ಪದ ಕಟ್ಟಿ ಎನ್ನುತ್ತಿಲ್ಲ. ಅರ್ಥ ವಿವರಿಸುವಾಗ ‘ತುಕ್ಕು ಹಿಡಿಯುವುದು’ ಎಂಬ ಸವೆದ ಹೋಲಿಕೆಗಿಂತ ಇದು ವಿಷಯಕ್ಕೆ ಹತ್ತಿರ. ಜೀವಕೋಶದ ಪೊರೆಯಲ್ಲೂ ಕೊಬ್ಬಿದೆ ತಾನೆ.

ಇನ್ನು ನೇರಳೆ. ಬೇಡ. ನೇರಳೆ ದೊಡ್ಡ ಮರದಲ್ಲಿ ಬಿಡುವ, ಒಳಗೆ ಒಂದೇ ಗಟ್ಟಿ ಬೀಜವಿರುವ ಹಣ್ಣು. ಬ್ಲೂಬೆರ್ರಿ ಪೊದೆಯಲ್ಲಿ ಬಿಡುವಂಥದ್ದು, ಬೀಜಗಳು ತಿನ್ನುವಾಗ ಗಮನಕ್ಕೇ ಬಾರದಷ್ಟು ಸಣ್ಣವು. ಎರಡೂ ಬೇರೆ ಸಸ್ಯಕುಟುಂಬದವು. ಸಾಲದ್ದಕ್ಕೆ ನೇರಳೆ ಬಣ್ಣದ ಹೆಸರೂ ಹೌದು. ‘ನೇರಳೆ ಹಣ್ಣುಗಳು’ ಎಂದು ಬರೆದರೆ ಆ ಹಣ್ಣೋ ಆ ಬಣ್ಣದ ಯಾವುದೋ ಹಣ್ಣೋ ತಿಳಿಯುವುದಿಲ್ಲ. ಮಲ್ಬೆರ್ರಿಗೆ ಮಾತ್ರ ಹಿಪ್ಪುನೇರಳೆ ಎಂಬ ಗಟ್ಟಿ ಹೆಸರು ಇದ್ದೇ ಇದೆ, ಅಲ್ಲಿ ಅದನ್ನೇ ಬಳಸಿ.

‘ಬೆರ್ರಿ’ಯಲ್ಲೇ ಇನ್ನೊಂದು ಗೊಂದಲವಿದೆ. ಸಸ್ಯಶಾಸ್ತ್ರಕ್ಕೆ ಬೆರ್ರಿ ಎಂದರೆ ಒಂದೇ ಅಂಡಾಶಯದಿಂದ ಬೆಳೆದ ಮೆದು ತಿರುಳಿನ ಹಣ್ಣು. ಆ ಲೆಕ್ಕದಲ್ಲಿ ದ್ರಾಕ್ಷಿ, ಟೊಮೆಟೊ, ಬಾಳೆ ಎಲ್ಲವೂ ಬೆರ್ರಿ, ಸ್ಟ್ರಾಬೆರ್ರಿ ಮಾತ್ರ ಅಲ್ಲ! ಅದರ ಮೈಮೇಲೆ ಬೀಜದಂತೆ ಕಾಣುವ ಚುಕ್ಕಿಗಳೇ ನಿಜವಾದ ಹಣ್ಣುಗಳು. ನಾವು ತಿನ್ನುವ ಕೆಂಪು ಭಾಗ ಉಬ್ಬಿದ ಹೂಪೀಠ. ರಾಸ್ಪ್‌ಬೆರ್ರಿ ಪುಟಾಣಿ ಹಣ್ಣುಗಳ ಗೊಂಚಲು. ಆರೋಗ್ಯ ಬರಹದಲ್ಲಿ ಇಷ್ಟು ಬಿಡಿಸಬೇಕಿಲ್ಲ, ಆದರೆ ‘ಬೆರ್ರಿ ಕುಟುಂಬದ ಹಣ್ಣುಗಳು’ ಎಂದು ಬರೆಯಬೇಡಿ. ಅಂಥ ಕುಟುಂಬವೇ ಇಲ್ಲ.

‘ಬ್ಲೂಬೆರ್ರಿ’ ಎಂದು ಅನುವಾದಿಸುವ ಮೊದಲು ಮೂಲದಲ್ಲಿ ಅದರ ಹತ್ತಿರದ ಬಂಧು ಬಿಲ್‌ಬೆರ್ರಿ ಇದೆಯೇ ನೋಡಿಕೊಳ್ಳಿ. ಎರಡನ್ನೂ ಕೊಯ್ದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಸಾಮಾನ್ಯ ಬ್ಲೂಬೆರ್ರಿಯ ಒಳಗು ಮಾಸಲು ಹಸಿರು-ಬಿಳಿ, ಬಣ್ಣವೆಲ್ಲ ಸಿಪ್ಪೆಯಲ್ಲಿ. ಬಿಲ್‌ಬೆರ್ರಿಯ ತಿರುಳೂ ಕಡುಗೆಂಪು, ಬೆರಳಿಗೆ ಹತ್ತುತ್ತದೆ. ಆ ಬಣ್ಣವೇ ಆಂಥೊಸಯಾನಿನ್. ಗ್ರೀಕಿನಲ್ಲಿ ಹೂವು, ಕಡುನೀಲಿ ಎಂಬ ಎರಡು ಪದಗಳ ಜೋಡಿ. ಇದನ್ನು ‘ನೀಲವರ್ಣಕ’ ಎಂದವರುಂಟು; ಆಮ್ಲದಲ್ಲಿ ಕೆಂಪಾಗುವ, ಕ್ಷಾರದಲ್ಲಿ ನೀಲಿ-ಹಸಿರಿಗೆ ತಿರುಗುವ ವಸ್ತುವಿಗೆ ಆ ಹೆಸರು ಹೊಂದದು. ಬೇಕಿಂಗ್ ಸೋಡಾ ಹೆಚ್ಚಾದ ಹಿಟ್ಟಿನಲ್ಲಿ ಬ್ಲೂಬೆರ್ರಿಯ ಸುತ್ತ ಹಸಿರು ವರ್ತುಲ ಮೂಡುವುದು ಇದರಿಂದಲೇ. ಹಣ್ಣು ಕೊಳೆತಿದೆ ಎಂದು ಎಸೆಯಬೇಕಿಲ್ಲ.

ಮೂರನೆಯ ಉತ್ತರ:

ಕೊನೆಯ ಪ್ರಶ್ನೆಯೇ ಮುಖ್ಯವಾದದ್ದು. ‘ಸಂಭಾವ್ಯ’ವನ್ನು ಬಿಡಬಹುದು, ಅದು ಹೇಳುವ ಅನುಮಾನವನ್ನು ಬಿಡುವಂತಿಲ್ಲ. ‘ಬೆರ್ರಿಯಿಂದ ಆಗುವ ಪ್ರಯೋಜನಗಳು’ ಎಂದರೆ ಆಗಿಯೇ ತೀರುತ್ತದೆ ಎಂದಂತೆ. ‘ಆಗಬಹುದಾದ’ ಎನ್ನಿ, ಒಂದೇ ಪದದಲ್ಲಿ ಕೆಲಸ ಮುಗಿಯಿತು. ಆದರೆ ಕನ್ನಡದ ‘ಬಹುದು’ಗೆ ಎರಡು ಮುಖ. ‘ರಕ್ತದೊತ್ತಡ ಇಳಿಯಬಹುದು’ ಎಂಬುದು ಊಹೆ, ‘ದಿನಕ್ಕೊಂದು ಕಪ್ ತಿನ್ನಬಹುದು’ ಎಂಬುದು ಅನುಮತಿ. ಎರಡೂ ಅಕ್ಕಪಕ್ಕ ಬಂದರೆ ಮೊದಲನೆಯದೂ ಭರವಸೆಯಂತೆ ಓದಿಸಿಕೊಳ್ಳುತ್ತದೆ. ಅಂಥಲ್ಲಿ ಎರಡನೆಯದಕ್ಕೆ ‘ತಿಂದರೆ ತೊಂದರೆಯಿಲ್ಲ’ ಎನ್ನುವುದು ಲೇಸು.

ಈ ಅನುಮಾನ ಶಿಷ್ಟಾಚಾರಕ್ಕೆ ಸೇರಿಸಿದ್ದಲ್ಲ. ಆಂಟಿಆಕ್ಸಿಡೆಂಟ್ ಬಲವನ್ನು ಪ್ರನಾಳದಲ್ಲಿ ಅಳೆಯುವ ಓರ್ಯಾಕ್ ಎಂಬ ಅಂಕಿಯಿದೆ. ಅಮೆರಿಕದ ಕೃಷಿ ಇಲಾಖೆ ಆ ಅಂಕಿಗಳ ಪಟ್ಟಿಯನ್ನು 2012ರಲ್ಲಿ ಹಿಂತೆಗೆದುಕೊಂಡಿತು. ಅವು ದೇಹದೊಳಗಿನ ಪರಿಣಾಮವನ್ನು ಹೇಳುವುದಿಲ್ಲ, ಮಾರಾಟಗಾರರು ಅವನ್ನು ದುರುಪಯೋಗ ಮಾಡುತ್ತಿದ್ದಾರೆ ಎಂಬುದು ಕಾರಣ. ತಿಂದ ಆಂಥೊಸಯಾನಿನ್‌ನಲ್ಲಿ ಹಾಗೆಯೇ ರಕ್ತಕ್ಕೆ ಸೇರುವುದು ಅತ್ಯಲ್ಪ, ಉಳಿದದ್ದನ್ನು ಕರುಳಿನ ಸೂಕ್ಷ್ಮಾಣುಗಳು ಒಡೆದು ಬೇರೆಯ ಸಂಯುಕ್ತಗಳನ್ನಾಗಿ ಮಾಡುತ್ತವೆ. ಹಾಗಾಗಿ ‘ಆಂಟಿಆಕ್ಸಿಡೆಂಟ್ ಇರುವುದರಿಂದ ಹೃದಯಕ್ಕೆ ಒಳ್ಳೆಯದು’ ಎಂಬ ವಾಕ್ಯದಲ್ಲಿ ಎಡವಿರುವುದು ‘ಇರುವುದರಿಂದ’. ‘ಆಂಟಿಆಕ್ಸಿಡೆಂಟ್ ಹೆಚ್ಚಿರುವ ಬೆರ್ರಿಗಳು’ ಎಂದು ಗುಣವಾಗಿ ಹೇಳಿ, ಕಾರಣವಾಗಿ ಬೇಡ.

ಕ್ರ್ಯಾನ್‌ಬೆರ್ರಿ ಇದಕ್ಕೆ ಒಳ್ಳೆಯ ಉದಾಹರಣೆ. 50 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2023ರ ಕಾಕ್ರೇನ್ (ಚಿಕಿತ್ಸೆಗಳ ಪುರಾವೆಯನ್ನು ಒರೆಗೆ ಹಚ್ಚುವ ಸಂಸ್ಥೆ) ವಿಮರ್ಶೆಯಂತೆ, ಮೂತ್ರನಾಳದ ಸೋಂಕು ಮರುಕಳಿಸುತ್ತಿರುವ ಹೆಂಗಸರಲ್ಲಿ ಕ್ರ್ಯಾನ್‌ಬೆರ್ರಿ ಉತ್ಪನ್ನಗಳು ಅದರ ಸಾಧ್ಯತೆಯನ್ನು ಸುಮಾರು ಕಾಲು ಭಾಗ ತಗ್ಗಿಸಿದವು. ಆ ಹಣ್ಣಿನ ಪ್ರೋಆಂಥೊಸಯಾನಿಡಿನ್ ಎಂಬ ಸಂಯುಕ್ತಗಳು ಬ್ಯಾಕ್ಟೀರಿಯಾ ಮೂತ್ರನಾಳದ ಗೋಡೆಗೆ ಅಂಟಿಕೊಳ್ಳದಂತೆ ಮಾಡುತ್ತವೆ ಎಂಬುದು ಇದಕ್ಕೆ ಕೊಡುವ ವಿವರಣೆ; ಆಂಟಿಆಕ್ಸಿಡೆಂಟ್ ಗುಣಕ್ಕೂ ಇದಕ್ಕೂ ನಂಟಿಲ್ಲ. ಇಲ್ಲಿ ‘ವಾಸಿಯಾಗುತ್ತದೆ’ ಎಂದು ಬರೆದರೆ ಅಪಾಯ. ಮರುಕಳಿಸದಂತೆ ತಡೆಯಲು ನೆರವಾಗಬಹುದು, ಅಷ್ಟೆ. ಬಂದ ಸೋಂಕಿಗೆ ಔಷಧವೇ ಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದರ ರಸವನ್ನು ಹೆಚ್ಚು ಕುಡಿಯಬಾರದು ಎಂಬ ಸಾಲು ಅನುವಾದದಲ್ಲಿ ಕಳೆದುಹೋಗದಿರಲಿ.

‘ಸಮೃದ್ಧ’ವನ್ನೂ ಹುಷಾರಾಗಿ ಬಳಸಿ. ‘ಹೆಚ್ಚಿದ್ದಷ್ಟೂ ಒಳ್ಳೆಯದು’ ಎಂಬ ಧ್ವನಿ ಅದರಲ್ಲಿದೆ. ಫಿನ್ಲೆಂಡಿನಲ್ಲಿ ಧೂಮಪಾನಿ ಗಂಡಸರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕೆರೋಟಿನ್ ಮಾತ್ರೆ ಕೊಟ್ಟ ಪ್ರಯೋಗದ ಫಲಿತಾಂಶ 1994ರಲ್ಲಿ ಬಂದಾಗ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಿತ್ತು. ಅದೂ ಆಂಟಿಆಕ್ಸಿಡೆಂಟೇ. ಹಣ್ಣಿಗೆ ಹೇಳಿದ ಮಾತನ್ನು ಮಾತ್ರೆಗೆ ಹೊಂದಿಸಲಾಗದು.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ವಂದನೆ. ತಲೆಬರಹವನ್ನು ‘ಆಂಟಿಆಕ್ಸಿಡೆಂಟ್ ಹೆಚ್ಚಿರುವ ಬೆರ್ರಿಗಳಿಂದ ಆರೋಗ್ಯಕ್ಕೆ ಆಗಬಹುದಾದ ಉಪಯೋಗ’ ಎಂದು ತಿದ್ದಿದ್ದೇನೆ. ಒಳಗೆ ‘ದಿನಕ್ಕೆ 26 ಗ್ರಾಂ ಬ್ಲೂಬೆರ್ರಿ, ಆರು ತಿಂಗಳು’ ಎಂದಿದೆ. ಇಷ್ಟು ಕಡಿಮೆಯೆ?

ಉತ್ತರ:

ಅನುವಾದದಲ್ಲಿ ‘ಪುಡಿ’ ಬಿದ್ದುಹೋಗಿದೆ. ಅದು 2019ರ ಪ್ರಯೋಗ. ಕೊಟ್ಟದ್ದು ಹೆಪ್ಪುಗಟ್ಟಿಸಿ ಒಣಗಿಸಿದ ಬ್ಲೂಬೆರ್ರಿಯ ಪುಡಿ. ತಾಜಾ ಹಣ್ಣಿನಲ್ಲಿ ಸುಮಾರು ಶೇ. 84 ನೀರು, ಆದ್ದರಿಂದ 26 ಗ್ರಾಂ ಪುಡಿ ಎಂದರೆ ಒಂದು ಕಪ್, ಅಂದರೆ ಸುಮಾರು 150 ಗ್ರಾಂ ಹಣ್ಣು. ಆ ಪ್ರಮಾಣದಲ್ಲಿ ರಕ್ತನಾಳಗಳು ಹಿಗ್ಗುವ ಗುಣ ಸುಧಾರಿಸಿತು, ಅರ್ಧ ಕಪ್‌ಗೆ ಸಮನಾದ ಪುಡಿಯಲ್ಲಿ ಆ ಪರಿಣಾಮ ಕಾಣಲಿಲ್ಲ, ಇನ್ಸುಲಿನ್ ಪ್ರತಿರೋಧ (ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವುದು) ಯಾವ ಪ್ರಮಾಣದಲ್ಲೂ ಬದಲಾಗಲಿಲ್ಲ. ‘ಒಂದು ಕಪ್ ಹಣ್ಣಿಗೆ ಸಮನಾದ 26 ಗ್ರಾಂ ಪುಡಿ’ ಎಂದು ತಿದ್ದಿ. ‘ಪ್ರತಿರೋಧ’ವನ್ನು ‘ನಿರೋಧ’ ಮಾಡಬೇಡಿ, ಮತ್ತೆ ಮೊದಲಿಗೇ ಬರಬೇಕಾಗುತ್ತದೆ.