ಆರು ತಿಂಗಳಾದರೂ ಎಫ್ ಕಾರ್ಡ್ ಬರುತ್ತಿಲ್ಲ: 12ರ ತಂತಿಯಿಂದ 10ಕ್ಕೆ ಇಳಿಯಬೇಕೇ?

ಹೊಸಬೆರಳು:

ಸ್ಟೀಲ್ ತಂತಿಯ ಅಕೌಸ್ಟಿಕ್ ಗಿಟಾರ್ ಹಿಡಿದು ಆರು ತಿಂಗಳಾಯಿತು. ದಿನಕ್ಕೆ ಮುಕ್ಕಾಲು ಗಂಟೆ ತಪ್ಪದೆ ಅಭ್ಯಾಸ ಮಾಡುತ್ತೇನೆ; ಬೆರಳ ತುದಿಗಳು ಜಡ್ಡುಗಟ್ಟಿವೆ, ಸಿ, ಜಿ, ಡಿ ಕಾರ್ಡ್‌ಗಳು (ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಹಿಡಿತಗಳು) ತಡವರಿಸದೆ ಬರುತ್ತವೆ. ಆದರೆ ಎಫ್ ಕಾರ್ಡ್‌ಗಾಗಿ ತೋರುಬೆರಳನ್ನು ಅಡ್ಡ ಮಲಗಿಸಿದೊಡನೆ ಮೊದಲೆರಡು ತಂತಿಗಳು ನಾದವಿಲ್ಲದೆ ಟಪ್ ಎನ್ನುತ್ತವೆ, ಹತ್ತು ನಿಮಿಷದೊಳಗೆ ಹೆಬ್ಬೆರಳ ಬುಡ ನೋಯತೊಡಗುತ್ತದೆ.

ಗಿಟಾರ್‌ನೊಂದಿಗೆ ಬಂದ ತಂತಿಗಳೇ ಇನ್ನೂ ಇವೆ. ಅವು 12–53 ಅಳತೆಯ (ತೀರ ತೆಳುವಾದ ಮೊದಲ ತಂತಿ 12, ತೀರ ದಪ್ಪನೆಯ ಆರನೆಯದು 53) ಫಾಸ್ಫರ್ ಬ್ರಾಂಜ್ ಎಂದು ಕೈಪಿಡಿಯಲ್ಲಿದೆ. 10–47ರ ಸೆಟ್ ಹಾಕಿದರೆ ನೋವು ಕಡಿಮೆಯಾಗುತ್ತದೆ ಎಂದು ಒಬ್ಬರು, ನಾದವೆಲ್ಲ ಸೋರಿಹೋಗುತ್ತದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಮೂರನೆಯವರು ನೈಲಾನ್ ತಂತಿಯನ್ನೇ ಹಾಕಿಬಿಡು ಎಂದರು. ಕುಣಿಯಲಾರದವಳು ನೆಲ ಡೊಂಕೆಂದ ಹಾಗೆ ನನ್ನ ಕೊರತೆಯನ್ನು ತಂತಿಯ ಮೇಲೆ ಹೊರಿಸುತ್ತಿದ್ದೇನೆಯೇ ಎಂಬ ಅನುಮಾನವೂ ಇದೆ. ನಾನು ಹೆಚ್ಚಾಗಿ ಹಾಡಿಗೆ ಜೊತೆಯಾಗಿ ತಂತಿಗಳನ್ನೆಲ್ಲ ಒಟ್ಟಿಗೆ ಸವರಿ ಸ್ಟ್ರಮ್ಮಿಂಗ್ ಮಾಡುತ್ತೇನೆ, ಈಚೆಗೆ ಬೆರಳಿನಿಂದ ಮೀಟುವುದನ್ನೂ ಕಲಿಯುತ್ತಿದ್ದೇನೆ. ಯಾವ ತಂತಿ ಆರಿಸಿಕೊಳ್ಳಲಿ?

ಬಿರಡೆ:

ನಾನು ಗಿಟಾರ್ ರಿಪೇರಿ ಮಾಡುವವನು. ನಿಮ್ಮ ಗಾದೆಯನ್ನೇ ಬಳಸುವುದಾದರೆ, ಹೊಸ ಗಿಟಾರ್‌ಗಳಲ್ಲಿ ನೆಲ ನಿಜವಾಗಿಯೂ ಡೊಂಕಾಗಿರುವುದೇ ಹೆಚ್ಚು. ಕಾರ್ಖಾನೆಯಿಂದ ಬರುವಾಗ ನಟ್‌ನಲ್ಲಿ, ಅಂದರೆ ಕತ್ತಿನ ತುದಿಯಲ್ಲಿ ತಂತಿಗಳನ್ನು ಹೊರುವ ಪಟ್ಟಿಯಲ್ಲಿ, ತಂತಿ ಕೂರುವ ಕಚ್ಚುಗಳನ್ನು ಬೇಕಾದಷ್ಟು ಆಳಕ್ಕೆ ಕೊರೆದಿರುವುದಿಲ್ಲ. ಕಡಿಮೆ ಕೊರೆದರೆ ಮುಂದೆ ಯಾರಾದರೂ ಸರಿಮಾಡಿಕೊಳ್ಳಬಹುದು, ಹೆಚ್ಚು ಕೊರೆದರೆ ನಟ್ಟೇ ಹಾಳು ಎಂಬ ಎಚ್ಚರಿಕೆ ಅದರ ಹಿಂದಿದೆ. ಎಫ್ ಕಾರ್ಡ್ ಇರುವುದು ಮೊದಲನೆಯ ಫ್ರೆಟ್‌ನಲ್ಲಿ (ಫ್ರೆಟ್ ಎಂದರೆ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ), ಅಂದರೆ ನಟ್‌ಗೆ ಅಂಟಿಕೊಂಡಂತೆ; ಹಾಗಾಗಿ ನಟ್ ಎತ್ತರವಾಗಿದ್ದರೆ ಅದರ ಶಿಕ್ಷೆಯೆಲ್ಲ ಆ ಒಂದು ಕಾರ್ಡ್‌ಗೇ ಬೀಳುತ್ತದೆ.

ತಂತಿ ಕೊಳ್ಳುವ ಮೊದಲು ಎರಡು ಪರೀಕ್ಷೆ ಮಾಡಿ. ಮೊದಲನೆಯದಕ್ಕೆ ಶ್ರುತಿಯನ್ನು ಹಾಗೆಯೇ ಬಿಟ್ಟು ಮೊದಲ ಫ್ರೆಟ್‌ಗೆ ಕೇಪೋ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು) ಹಾಕಿ, ಎಫ್ ಕಾರ್ಡ್‌ನ ಆಕಾರವನ್ನೇ ಒಂದು ಫ್ರೆಟ್ ಮುಂದಕ್ಕೆ ಹಿಡಿಯಿರಿ. ಕೇಪೋ ಹಾಕಿದಾಗ ನಟ್ ಆಟದಿಂದ ಹೊರಗುಳಿಯುತ್ತದೆ. ಕಾರ್ಡ್ ತಟ್ಟನೆ ಸುಲಭವಾದರೆ ತಪ್ಪು ತಂತಿಯದಲ್ಲ, ನಟ್‌ನದು. ಎರಡನೆಯದು ತಂತಿಯ ಬಿಗಿತದ ಪರೀಕ್ಷೆ, ಇದಕ್ಕೆ ಹೊಸ ಸೆಟ್ ಕೊಳ್ಳುವುದೂ ಬೇಡ. ತಂತಿಯ ಬಿಗಿತ ಅದರ ಆವೃತ್ತಿಯ ವರ್ಗಕ್ಕೆ ಅನುಗುಣವಾಗಿರುವುದರಿಂದ ಅರ್ಧ ಸ್ವರ ಇಳಿಸಿದರೆ ಬಿಗಿತ ಸುಮಾರು ಶೇ. 11ರಷ್ಟು, ಪೂರ್ತಿ ಒಂದು ಸ್ವರ ಇಳಿಸಿದರೆ ಸುಮಾರು ಶೇ. 21ರಷ್ಟು ಕಡಿಮೆಯಾಗುತ್ತದೆ. ಬರಿಯ ಉಕ್ಕಿನ ಮೊದಲ ತಂತಿಯನ್ನು 12ರಿಂದ 11ಕ್ಕೆ ಬದಲಿಸಿದಾಗ ಇಳಿಯುವುದು ಶೇ. 16, 10ಕ್ಕೆ ಬದಲಿಸಿದಾಗ ಶೇ. 31. ಹೀಗಾಗಿ ಅರ್ಧ ಸ್ವರ ಮತ್ತು ಒಂದು ಸ್ವರ ಇಳಿಸಿದಾಗಿನ ಅನುಭವಗಳ ನಡುವೆ ಎಲ್ಲೋ 11ರ ತಂತಿ ಇದೆ, ಒಂದೂವರೆ ಸ್ವರ ಇಳಿಸಿದ ಸಡಿಲಿಕೆಯ ಹತ್ತಿರ 10 ಇದೆ ಎಂದು ತಿಳಿಯಬಹುದು. ಸುತ್ತು ಹಾಕಿದ ದಪ್ಪ ತಂತಿಗಳಲ್ಲಿ ಈ ಲೆಕ್ಕ ಇಷ್ಟೇ ಕರಾರುವಾಕ್ಕಾಗಿ ಹೊಂದುವುದಿಲ್ಲ, ಆದರೂ ಕೈಗೆ ಅಂದಾಜು ಸಿಗಲು ಸಾಕು.

ಹನ್ನೆರಡನೆಯ ಫ್ರೆಟ್‌ನ ಮೇಲ್ತುದಿಯಿಂದ ಆರನೆಯ ತಂತಿಯ ತಳಕ್ಕೆ ಎಷ್ಟು ಮಿಲಿಮೀಟರ್ ಅಂತರವಿದೆ ಎಂಬುದನ್ನೂ ಅಳೆದು ತಿಳಿಸಿ.

ಮಂದ್ರ:

ಬಿರಡೆಯವರ ಮಾತನ್ನು ಒಪ್ಪುತ್ತಲೇ ತಂತಿಯ ಪರವಾಗಿಯೂ ಎರಡು ಮಾತು ಹೇಳಬೇಕಾಗಿದೆ. ಪೊಟ್ಟಣದ ಮೇಲಿನ 10, 11, 12 ಎಂಬ ಅಂಕಿಗಳು ಇಂಚಿನ ಸಾವಿರದ ಭಾಗಗಳಲ್ಲಿ ಮೊದಲ ತಂತಿಯ ದಪ್ಪವನ್ನು ಹೇಳುತ್ತವೆ. 12 ಎಂದರೆ 0.012 ಇಂಚು. ಕಣ್ಣಿಗೆ ಕಾಣದಷ್ಟು ಚಿಕ್ಕ ವ್ಯತ್ಯಾಸ ಎನಿಸಿದರೂ ಆರೂ ತಂತಿ ಸೇರಿದಾಗ ಲೆಕ್ಕ ದೊಡ್ಡದಾಗುತ್ತದೆ: 12–53ರ ಸೆಟ್ ಮಾಮೂಲಿ ಶ್ರುತಿಯಲ್ಲಿ ಗಿಟಾರ್‌ನ ಕತ್ತನ್ನು ಸುಮಾರು 74 ಕಿಲೋ ಭಾರದಷ್ಟು ಎಳೆಯುತ್ತದೆ, 10–47ರ ಸೆಟ್ ಎಳೆಯುವುದು 60 ಕಿಲೋ ಆಸುಪಾಸು.

ಆ ಎಳೆತ ಬರಿಯ ಶತ್ರುವಲ್ಲ. ಅಕೌಸ್ಟಿಕ್ ಗಿಟಾರ್‌ನಲ್ಲಿ ನಾದ ಹುಟ್ಟಿಸುವುದು ಮೇಲುಹಲಗೆ. ತಂತಿ ಅದನ್ನು ಬ್ರಿಡ್ಜ್ (ತಂತಿಗಳನ್ನು ಹಲಗೆಗೆ ಸಿಕ್ಕಿಸುವ ಮರದ ಪಟ್ಟಿ) ಮೂಲಕ ಅಲುಗಿಸಬೇಕು, ತೆಳು ತಂತಿಗೆ ಅಷ್ಟು ಕಸುವಿರುವುದಿಲ್ಲ. ನಾನು ಎರಡು ವರ್ಷ 10ರ ತಂತಿಯಲ್ಲೇ ಇದ್ದೆ. ಬೆರಳಿನಿಂದ ಮೃದುವಾಗಿ ಮೀಟುವಾಗ ಅದರಷ್ಟು ಹಿತವಾದದ್ದು ಬೇರೆಯಿಲ್ಲ, ಸ್ವರವನ್ನು ಎಳೆದು ಬಾಗಿಸುವುದು ಸಲೀಸು. ಆದರೆ ಪಿಕ್ ಹಿಡಿದು ಜೋರಾಗಿ ಸ್ಟ್ರಮ್ ಮಾಡಿದೊಡನೆ ತಂತಿಗಳು ಅಗಲವಾಗಿ ಓಲಾಡಿ ಫ್ರೆಟ್‌ಗಳಿಗೆ ಬಡಿಯುತ್ತಿದ್ದವು, ಮಂದ್ರದ ಕಡೆ ಗಟ್ಟಿತನವೇ ಇರಲಿಲ್ಲ. ಅದಕ್ಕಿಂತ ಕಿರಿಕಿರಿಯೆಂದರೆ, ಮೊದಲೇ ಗಟ್ಟಿಯಾಗಿ ಒತ್ತುವ ಅಭ್ಯಾಸವಿದ್ದ ನನ್ನ ಬೆರಳುಗಳು ಸಡಿಲ ತಂತಿಯನ್ನು ಅತಿಯಾಗಿ ಒತ್ತಿ ಕಾರ್ಡ್‌ನ ಶ್ರುತಿಯನ್ನೇ ಏರಿಸಿಬಿಡುತ್ತಿದ್ದವು. ಟ್ಯೂನರ್ ಸರಿ ಎನ್ನುತ್ತಿತ್ತು, ಕಿವಿ ತಪ್ಪು ಎನ್ನುತ್ತಿತ್ತು. ಹಾಡಿಗೆ ಜೊತೆ ನುಡಿಸುವವರಿಗೆ 11–52 ಸರಿಯಾದ ನಡುದಾರಿ ಎಂಬುದು ನನ್ನ ಅಭಿಪ್ರಾಯ.

ಇನ್ನು ಲೋಹ. ಇದರ ಬಗ್ಗೆ ಜನ ಗಂಟೆಗಟ್ಟಲೆ ಚರ್ಚಿಸುತ್ತಾರೆ, ನನಗೆ ಅಷ್ಟು ಆಸಕ್ತಿಯಿಲ್ಲ, ಏಕೆಂದರೆ ಬೆರಳ ನೋವಿಗೂ ಇದಕ್ಕೂ ಸಂಬಂಧ ಕಡಿಮೆ. 80/20 ಬ್ರಾಂಜ್ ಎಂದು ಮಾರುವ ತಂತಿಯ ಸುತ್ತಿನಲ್ಲಿ ಶೇ. 80 ತಾಮ್ರ, ಶೇ. 20 ಸತು ಇರುತ್ತದೆ. ತಾಮ್ರಕ್ಕೆ ಸತು ಸೇರಿದರೆ ಹಿತ್ತಾಳೆ, ತವರ ಸೇರಿದರೆ ಕಂಚು ಎಂಬುದು ನಮ್ಮಲ್ಲಿ ಪಾತ್ರೆ ತೊಳೆದವರಿಗೆಲ್ಲ ಗೊತ್ತು. ಹೆಸರು ಕಂಚಾದರೂ ಪೊಟ್ಟಣದೊಳಗಿರುವುದು ಹಿತ್ತಾಳೆಯೇ. ನಿಜವಾದ ಕಂಚು ಇರುವುದು ಫಾಸ್ಫರ್ ಬ್ರಾಂಜ್‌ನಲ್ಲಿ: ಸುಮಾರು ಶೇ. 92 ತಾಮ್ರ, ಉಳಿದದ್ದು ತವರ, ಜೊತೆಗೆ ಚಿಟಿಕೆಯಷ್ಟು ರಂಜಕ. ಡಿ'ಅಡ್ಡಾರಿಯೋ ಕಂಪನಿ ಇದನ್ನು 1974ರಲ್ಲಿ ಗಿಟಾರ್ ತಂತಿಗೆ ತಂದಿತು. ಹಿತ್ತಾಳೆಯದು ಹೊಸದರಲ್ಲಿ ಫಳಫಳ ಹೊಳೆಯುವ ಸದ್ದು, ಆದರೆ ಬೇಗ ಮಂಕಾಗುತ್ತದೆ. ಕಂಚಿನದು ತುಸು ದುಂಡಗಿನ, ಬೆಚ್ಚಗಿನ ನಾದ, ಹೆಚ್ಚು ದಿನ ಉಳಿಯುತ್ತದೆ. ಬೆವರು ಹೆಚ್ಚಿರುವ ಕೈಯಾದರೆ ಎಲಿಕ್ಸರ್‌ನಂತಹ ಲೇಪನವಿರುವ ತಂತಿಗಳನ್ನು ನೋಡಿ. ಅವುಗಳ ಮೇಲಿನ ತೆಳು ಪಾಲಿಮರ್ ಪದರ ಸುತ್ತುಗಳ ಸಂದಿಗೆ ಬೆವರು, ಕೊಳೆ ಇಳಿಯದಂತೆ ತಡೆಯುತ್ತದೆ. ಬೆರಳಿಗೆ ನುಣುಪು ಅನಿಸುತ್ತದೆ, ಕೆಲವರಿಗೆ ಆ ಜಾರಿಕೆ ಹಿಡಿಸುವುದಿಲ್ಲ.

ಮತ್ತೊಂದು ಸಂಗತಿ. ಆರು ತಿಂಗಳ ಹಳೆಯ ತಂತಿಯ ಮೇಲೆ ಯಾವ ತೀರ್ಮಾನಕ್ಕೂ ಬರಬೇಡಿ. ದಪ್ಪ ತಂತಿಯ ತಳಭಾಗವನ್ನು ಉಗುರಿನಿಂದ ಸವರಿ ನೋಡಿದರೆ ಫ್ರೆಟ್ ಇರುವಲ್ಲೆಲ್ಲ ಸಣ್ಣ ತಗ್ಗು ಸಿಗುತ್ತದೆ, ಅಂತಹ ತಂತಿ ಎಲ್ಲ ಕಡೆ ಒಂದೇ ಶ್ರುತಿಯಲ್ಲಿ ನಿಲ್ಲುವುದಿಲ್ಲ.

ಏಕತಂತಿ:

ನೈಲಾನ್ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ನಾನು ಹೇಳುತ್ತೇನೆ: ಬೇಡ. ಕ್ಲಾಸಿಕಲ್ ಗಿಟಾರ್‌ಗೆ ಮೊದಲು ಇದ್ದದ್ದು ಪ್ರಾಣಿಗಳ ಕರುಳಿನ ತಂತಿ. 1940ರ ದಶಕದಲ್ಲಿ ಆಂದ್ರೆಸ್ ಸೆಗೋವಿಯಾ ಅವರ ಉತ್ತೇಜನದಿಂದ ಆಲ್ಬರ್ಟ್ ಆಗಸ್ಟೀನ್ ನೈಲಾನ್ ತಂತಿ ರೂಪಿಸಿದ ಮೇಲೆ ಅದು ಕರುಳಿನ ಜಾಗಕ್ಕೆ ಬಂತು. ಆ ವಾದ್ಯದ ಹಲಗೆ, ಒಳಗಿನ ಪಟ್ಟಿಗಳು, ಬ್ರಿಡ್ಜ್ ಎಲ್ಲವೂ ಸುಮಾರು 40 ಕಿಲೋ ಎಳೆತಕ್ಕೆ ತಕ್ಕಂತೆ ಹಗುರವಾಗಿ ರೂಪುಗೊಂಡಿವೆ. ಅದಕ್ಕೆ ಸ್ಟೀಲ್ ತಂತಿ ಹಾಕಿದರೆ ಬ್ರಿಡ್ಜ್ ಕಿತ್ತು ಬರಬಹುದು, ಹಲಗೆ ಉಬ್ಬಬಹುದು. ನಿಮ್ಮ ಗಿಟಾರ್‌ಗೆ ನೈಲಾನ್ ಹಾಕಿದರೆ ಅಂತಹ ಅನಾಹುತವೇನೂ ಆಗದು, ಆದರೆ ದುಪ್ಪಟ್ಟು ಎಳೆತಕ್ಕೆಂದು ಗಟ್ಟಿಯಾಗಿ ಕಟ್ಟಿದ ಹಲಗೆ ಅಲುಗುವುದೇ ಇಲ್ಲ. ಡಬ್ಬಿಯೊಳಗೆ ರಬ್ಬರ್ ಬ್ಯಾಂಡ್ ಮೀಟಿದಂತಿರುತ್ತದೆ. ತಂತಿಗಳು ದಪ್ಪವಾಗಿರುವುದರಿಂದ ನಟ್‌ನ ಕಚ್ಚುಗಳಲ್ಲಿ ಸರಿಯಾಗಿ ಕೂರುವುದೂ ಇಲ್ಲ.

ಮೃದುವಾದದ್ದೇ ಬೇಕೆಂದರೆ ಸಿಲ್ಕ್ ಅಂಡ್ ಸ್ಟೀಲ್ ಎಂಬ ಜಾತಿಯ ತಂತಿಗಳಿವೆ. ಉಕ್ಕಿನ ತಿರುಳಿಗೂ ಹೊರಗಿನ ಲೋಹದ ಸುತ್ತಿಗೂ ನಡುವೆ ರೇಷ್ಮೆಯ ಅಥವಾ ಅದನ್ನು ಹೋಲುವ ಎಳೆಗಳಿರುತ್ತವೆ. ಎಳೆತ ಕಡಿಮೆ, ನಾದ ಸಾಧು. ಆದರೆ ಒಂದನೆಯ, ಎರಡನೆಯ ತಂತಿಗಳು ಇಲ್ಲಿಯೂ ಬರಿಯ ಉಕ್ಕೇ, ಮತ್ತು ಪ್ರಶ್ನೆ ಕೇಳಿದವರಿಗೆ ತೊಂದರೆ ಇರುವುದು ಅವೆರಡರಲ್ಲೇ. ಎಲೆಕ್ಟ್ರಿಕ್ ಗಿಟಾರ್‌ನ ಸೆಟ್ ಹಾಕುವ ಸಲಹೆಯೂ ಮುಂದೆ ಬಂದೇ ಬರುತ್ತದೆ. ಅವುಗಳಲ್ಲಿ ಮೂರನೆಯ ತಂತಿ ಸಾಮಾನ್ಯವಾಗಿ ಸುತ್ತಿಲ್ಲದ್ದು, ಅಕೌಸ್ಟಿಕ್‌ನ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿಗಳು ಕೂರುವ ತೆಳು ಪಟ್ಟಿ) ಮಾಡಿರುವುದು ಸುತ್ತಿರುವ ಮೂರನೆಯ ತಂತಿಗೆ; ಹಾಗಾಗಿ ಕತ್ತಿನ ಮೇಲೆ ಹೋದಂತೆ ಆ ತಂತಿ ಅಪಶ್ರುತಿ ಹಾಡುತ್ತದೆ.

ಹೊಸಬೆರಳು:

ಎಲ್ಲರಿಗೂ ವಂದನೆಗಳು. ಕೇಪೋ ಹಾಕಿದ ಮೇಲೆ ಅದೇ ಆಕಾರ ಮೂರನೆಯ ಪ್ರಯತ್ನದಲ್ಲೇ ಸ್ಪಷ್ಟವಾಗಿ ನುಡಿಯಿತು. ಆರು ತಿಂಗಳಲ್ಲಿ ಮೊದಲ ಬಾರಿ. ಕೇಪೋ ತೆಗೆದು ಅರ್ಧ ಸ್ವರ ಇಳಿಸಿದಾಗಲೂ ಸುಧಾರಣೆ ಇತ್ತು, ಆದರೆ ಅಷ್ಟಿಲ್ಲ. ಒಂದೂವರೆ ಸ್ವರ ಇಳಿಸಿದಾಗ ಮಂದ್ರ ಅವರು ಹೇಳಿದಂತೆ ಸ್ಟ್ರಮ್ ಮಾಡಿದರೆ ತಂತಿಗಳು ಜರ್ರೆನ್ನುತ್ತಿದ್ದವು. ಹನ್ನೆರಡನೆಯ ಫ್ರೆಟ್‌ನಲ್ಲಿ ಆರನೆಯ ತಂತಿಯ ಎತ್ತರ 3.4 ಮಿಲಿಮೀಟರ್ ಇದೆ. ಇದನ್ನು ನಾನೇ ಸರಿಪಡಿಸಬಹುದೇ? ಮೊದಲು ತಂತಿ ಬದಲಿಸಬೇಕೋ, ಎತ್ತರ ಇಳಿಸಬೇಕೋ?

ಬಿರಡೆ:

ಮೊದಲು ತಂತಿ. ಅಳತೆಯನ್ನೆಲ್ಲ ಯಾವ ತಂತಿ ಉಳಿಯುತ್ತದೆಯೋ ಅದರ ಮೇಲೆಯೇ ಮಾಡಬೇಕು, ಏಕೆಂದರೆ ತಂತಿ ಹಗುರವಾದಾಗ ಕತ್ತಿನ ಮೇಲಿನ ಎಳೆತ ಇಳಿದು ಅದು ತಾನಾಗಿಯೇ ತುಸು ಹಿಂದಕ್ಕೆ ವಾಲುತ್ತದೆ, ಎತ್ತರವೂ ಸ್ವಲ್ಪ ತಗ್ಗುತ್ತದೆ. 11–52 ಹಾಕಿ, ಶ್ರುತಿ ಮಾಡಿ, ಒಂದು ದಿನ ಬಿಡಿ. ಹಾಕುವಾಗ ತಂತಿಯ ತುದಿಯ ಗುಂಡು ಬ್ರಿಡ್ಜ್ ಪಿನ್ನಿನ ತಳದಲ್ಲಿ ಸಿಕ್ಕಿಕೊಳ್ಳದೆ ಒಳಗಿನ ಹಲಗೆಗೆ ತಾಗಿ ನಿಲ್ಲುವಂತೆ ಪಿನ್ ಒತ್ತುತ್ತಲೇ ತಂತಿಯನ್ನು ಮೇಲಕ್ಕೆ ಎಳೆಯಿರಿ. ಇಲ್ಲವಾದರೆ ಬಿಗಿಮಾಡುವಾಗ ಪಿನ್ ಚಿಮ್ಮುತ್ತದೆ. ದಪ್ಪ ತಂತಿಗೆ ಬಿರಡೆಯ ಮೇಲೆ ಎರಡು ಮೂರು ಸುತ್ತು, ತೆಳು ತಂತಿಗೆ ನಾಲ್ಕೈದು ಸುತ್ತು ಸಾಕು. ಆಮೇಲೆ ಪ್ರತಿ ತಂತಿಯನ್ನೂ ಹನ್ನೆರಡನೆಯ ಫ್ರೆಟ್ ಬಳಿ ಮೆಲ್ಲಗೆ ಎತ್ತಿ ಎಳೆದು ಮತ್ತೆ ಶ್ರುತಿ ಮಾಡಿ, ಇಳಿಯುವುದು ನಿಲ್ಲುವವರೆಗೆ ಇದನ್ನೇ ಮಾಡಿ.

ಸ್ಯಾಡಲ್ ಕೆಲಸ ತಾಳ್ಮೆಯಿದ್ದರೆ ನೀವೇ ಮಾಡಬಹುದು. ಆರನೆಯ ತಂತಿಗೆ 2.5, ಮೊದಲನೆಯದಕ್ಕೆ 2 ಮಿಲಿಮೀಟರ್ ಒಳ್ಳೆಯ ಗುರಿ. ಹನ್ನೆರಡನೆಯ ಫ್ರೆಟ್ ತಂತಿಯ ನಟ್ಟನಡುವೆ ಇರುವುದರಿಂದ ಅಲ್ಲಿ ಎಷ್ಟು ಇಳಿಯಬೇಕೋ ಸ್ಯಾಡಲ್‌ನಲ್ಲಿ ಅದರ ಎರಡರಷ್ಟು ತೆಗೆಯಬೇಕು. ಮೇಲ್ಭಾಗವನ್ನು ಮುಟ್ಟದೆ, ಸಮತಟ್ಟಾದ ಗಾಜಿನ ಮೇಲೆ ಮರಳುಕಾಗದ ಹಾಸಿ ತಳವನ್ನಷ್ಟೇ ಉಜ್ಜಿ. ಹೆಚ್ಚಾಗಿಬಿಟ್ಟರೆ ಬೇರೆ ಸ್ಯಾಡಲ್ ತರಬಹುದು. ನಟ್ ಹಾಗಲ್ಲ, ಒಂದೊಂದು ಕಚ್ಚಿಗೂ ತಂತಿಯ ದಪ್ಪಕ್ಕೆ ತಕ್ಕ ಅರ ಬೇಕು, ಕೂದಲೆಳೆಯಷ್ಟು ಹೆಚ್ಚಾದರೂ ಬಿಟ್ಟ ತಂತಿ ಝೇಂಕರಿಸತೊಡಗುತ್ತದೆ. ಅದನ್ನು ತಿಳಿದವರ ಕೈಗೆ ಕೊಡಿ.

ಹೊಸಬೆರಳು:

ಮೂರು ವಾರದ ಬಳಿಕ ಬರೆಯುತ್ತಿದ್ದೇನೆ. 11ರ ಫಾಸ್ಫರ್ ಬ್ರಾಂಜ್ ಹಾಕಿದೆ, ನಟ್ ಇಳಿಸಿಕೊಂಡು ಬಂದೆ, ಸ್ಯಾಡಲ್ ಅನ್ನು ನಾನೇ ಎರಡು ಸಂಜೆ ಕುಳಿತು ಉಜ್ಜಿದೆ. ಈಗ ಎತ್ತರ 2.6. ಎಫ್ ಕಾರ್ಡ್ ಹಾಡಿನ ನಡುವೆಯೂ ಬರುತ್ತಿದೆ, ಕೆಲವೊಮ್ಮೆ ಎರಡನೆಯ ತಂತಿ ಮಾತ್ರ ಮುನಿಸಿಕೊಳ್ಳುತ್ತದೆ. ಆದರೆ ಒಂದು ಹೊಸ ತೊಂದರೆ: ಆರನೆಯ ತಂತಿ ಮೊದಲ ಎರಡು ಮೂರು ಫ್ರೆಟ್‌ಗಳಲ್ಲಿ ಸಣ್ಣಗೆ ಝುಂಯ್ ಎನ್ನುತ್ತದೆ. ಮೇಲಿನ ಫ್ರೆಟ್‌ಗಳಲ್ಲಿ ಇಲ್ಲ.

ಬಿರಡೆ:

ಫ್ರೆಟ್ ಒತ್ತಿದಾಗಲೂ ಸದ್ದು ಬರುತ್ತಿದೆಯೆಂದರೆ ಅದು ನಟ್‌ನದಲ್ಲ. ಹಗುರ ತಂತಿಗೆ ಕತ್ತು ಹಿಂದಕ್ಕೆ ನೇರವಾಗಿದೆ. ಆರನೆಯ ತಂತಿಯನ್ನು ಮೊದಲ ಫ್ರೆಟ್‌ನಲ್ಲಿಯೂ ಹದಿನಾಲ್ಕನೆಯದರಲ್ಲಿಯೂ ಒಟ್ಟಿಗೆ ಒತ್ತಿ ಹಿಡಿದು ಏಳನೆಯ ಫ್ರೆಟ್‌ನ ಮೇಲೆ ನೋಡಿ, ಅಲ್ಲಿ 0.2ರಿಂದ 0.3 ಮಿಲಿಮೀಟರ್ ಸಂದು ಇರಬೇಕು, ನಿಮ್ಮಲ್ಲಿ ತಂತಿ ಫ್ರೆಟ್‌ಗೆ ತಾಗಿಕೊಂಡೇ ಇರಬಹುದು. ಹಾಗಿದ್ದರೆ ಟ್ರಸ್ ರಾಡ್ (ಕತ್ತಿನ ಬಾಗನ್ನು ಹಿಡಿತದಲ್ಲಿಡುವ ಒಳಗಿನ ಸರಳು) ಅನ್ನು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಎಂಟನೆಯ ಒಂದು ಸುತ್ತಷ್ಟೇ ಸಡಿಲಿಸಿ, ಮತ್ತೆ ಶ್ರುತಿ ಮಾಡಿ, ಮರುದಿನ ಅಳೆಯಿರಿ. ಎತ್ತರ 2.7 ಆದರೆ ಗಾಬರಿಯಾಗಿ ಸ್ಯಾಡಲ್ ಉಜ್ಜಲು ಹೋಗಬೇಡಿ.